ಅಪ್ಪ-ಅವ್ವನ ವಿಶ್ವಾಸಕ್ಕಾಗಿ ಪ್ರಾರ್ಥಿಸುವ ಮಗಳಿಗೆ

ಈ ತಿಂಗಳ ಪಾಠ
ಓದಿಕೊಳ್ಳಲು: ಸಿರಾಖ 3: 1–16, ಮಾರ್ಕ 3: 20–21, 31–35, 1 ಪೇತ್ರ 3: 1–4, 15–16



ವಾರದ ಸಭೆ ಮುಗಿದು, ಉಳಿತಾಯದ ಲೆಕ್ಕ ಬರೆದು, ಠರಾವು ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿಯುತ್ತಾರೆ. ಅವರದು ಸಾಲದ ಮಾತಲ್ಲ, ಮನಸ್ಸಿನ ಮಾತು. ಉಣಕಲ್ಲಿನಲ್ಲಿ ಇರಲಿ, ಹುಬ್ಬಳ್ಳಿಯ ಬೇರೆ ಓಣಿಗಳಲ್ಲಿ ಇರಲಿ, ಸುತ್ತಲಿನ ಹಳ್ಳಿಗಳಲ್ಲಿ ಇರಲಿ, ಕ್ರೈಸ್ತರಾದ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ.

"ಸಿಸ್ಟರ್, ನಮ್ಮಪ್ಪಗ ಎಂಬತ್ತು ಆತ್ರಿ. ಇನ್ನೂ ಯೇಸುಸ್ವಾಮಿ ಹೆಸರು ಅವನ ಬಾಯಾಗ ಬಂದಿಲ್ಲ. ನಾ ಏನ್ ಮಾಡ್ಲಿ?"

"ನಾ ಚರ್ಚಿಗೆ ಹೋಗೂದು ನಮ್ಮವ್ವಗ ಸೇರೂದಿಲ್ರಿ. ದಿನಾ ಪ್ರಾರ್ಥನಾ ಮಾಡತೀನಿ, ಏನೂ ಆಗವಲ್ದು."

"ಅಪ್ಪ ದವಾಖಾನಿಯೊಳಗ ಅದಾನ್ರಿ. ಜೀವ ಹೋಗೂದ್ರಾಗ ತಲಿಮ್ಯಾಲೆ ನೀರು ಹಾಕಿಬಿಡ್ಲೇನ್ರಿ?"

ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಪಾಠದ ಉದ್ದೇಶ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕ-ತಂಗಿಯರಿದ್ದೀರಿ. ಪಾಠ ಮುಖ್ಯವಾಗಿ ಕ್ರೈಸ್ತ ಸದಸ್ಯೆಯರಿಗೆ ಬರೆದದ್ದು. ಆದರೂ ಬೇರೆಯವರು ಪುಟ ತಿರುವಿ ಹಾಕಬೇಡಿರಿ. ನಿಮ್ಮ ಪಕ್ಕದಲ್ಲಿ ಕೂತು ಉಳಿತಾಯ ಕಟ್ಟುವ ಗೆಳತಿಯ ಮನಸ್ಸಿನಲ್ಲಿ ಏನಿದೆ, ಅವಳ ಧರ್ಮಸಭೆ ಅವಳಿಗೆ ಏನು ಹೇಳುತ್ತದೆ, ಏನು ಬೇಡ ಎನ್ನುತ್ತದೆ ಎಂಬುದು ನಿಮಗೂ ಗೊತ್ತಿರಲಿ.

ಈ ಬಯಕೆ ತಪ್ಪೇ?

ತಪ್ಪಲ್ಲ. ರುಚಿಯಾದದ್ದು ಏನಾದರೂ ಸಿಕ್ಕರೆ ಅವ್ವನಿಗೆ ಇಷ್ಟು ತೆಗೆದಿಡುವುದು ಹೆಣ್ಣುಮಕ್ಕಳ ಸ್ವಭಾವ. ಯೇಸುವಿನಲ್ಲಿ ಮನಸ್ಸಿಗೆ ನೆಮ್ಮದಿ ಸಿಕ್ಕವಳಿಗೆ ಅದನ್ನೂ ಅಪ್ಪ-ಅವ್ವನಿಗೆ ತೆಗೆದಿಡಬೇಕು ಅನ್ನಿಸುವುದು ಸಹಜ. ಹಾಗೆ ಅನ್ನಿಸದಿದ್ದರೆ ನಮಗೆ ಸಿಕ್ಕಿದ್ದು ನಿಜವಾಗಿ ದೊಡ್ಡದೇ ಎಂದು ಕೇಳಬೇಕಾಗುತ್ತದೆ.

ಆದರೆ ತೆಗೆದಿಡುವುದು ಬೇರೆ, ಬಾಯಿಗೆ ತುರುಕುವುದು ಬೇರೆ. ವಿಶ್ವಾಸ ದೇವರ ವರ. ಅದನ್ನು ಸ್ವೀಕರಿಸುವುದು ಆ ಮನುಷ್ಯನ ಸ್ವಾತಂತ್ರ್ಯ. ನಡುವೆ ನಿಂತ ಮಗಳ ಪಾಲಿಗೆ ಉಳಿಯುವುದು ಎರಡೇ ಕೆಲಸ: ಬೇಡಿಕೊಳ್ಳುವುದು ಮತ್ತು ಪ್ರೀತಿಸುವುದು. ಈ ಪಾಠದ ತಿರುಳು ಇಷ್ಟೇ. ಮುಂದೆ ಹೇಳುವುದೆಲ್ಲ ಇದರ ವಿವರಣೆ.

ಈ ಪ್ರಶ್ನೆ ಹೊಸದಲ್ಲ

ನಮ್ಮ ಭಾಗದಲ್ಲಿ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ನಮ್ಮ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಈ ಎಲ್ಲ ಕಾಲದಲ್ಲೂ ಮನೆಯವರೆಲ್ಲ ಒಂದು ಕಡೆ, ಮಗನೋ ಮಗಳೋ ಒಂದು ಕಡೆ ಆದ ಕುಟುಂಬಗಳು ಇದ್ದವು. ಮಂಗಳೂರಿನಲ್ಲಿ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕದಡಿಹೋಗಿತ್ತು. ಇಂಥ ನಿರ್ಧಾರದ ನೋವು ತೆಗೆದುಕೊಂಡವರಿಗೆ ಮಾತ್ರ ಅಲ್ಲ, ಮನೆಯಲ್ಲಿ ಉಳಿದ ಹೆತ್ತವರಿಗೂ ಇರುತ್ತದೆ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು.

ಯೇಸುವಿಗೇ ಈ ಅನುಭವ ಇತ್ತು. ಅವರಿಗೆ ತಲೆ ಕೆಟ್ಟಿದೆ ಎಂದುಕೊಂಡು ಮನೆಯವರು ಹಿಡಿದು ತರಲು ಹೊರಟರೆಂದು ಮಾರ್ಕನು ಬರೆದಿದ್ದಾನೆ. ಅವರ ಸಹೋದರರೂ ಅವರಲ್ಲಿ ವಿಶ್ವಾಸ ಇಟ್ಟಿರಲಿಲ್ಲವೆಂದು ಯೊವಾನ್ನನ ಶುಭಸಂದೇಶದ ಏಳನೆಯ ಅಧ್ಯಾಯ ಹೇಳುತ್ತದೆ. ಯೇಸು ಅವರನ್ನು ಬಯ್ಯಲಿಲ್ಲ, ಬಲವಂತ ಮಾಡಲಿಲ್ಲ, ತಮ್ಮ ಕೆಲಸವನ್ನೂ ನಿಲ್ಲಿಸಲಿಲ್ಲ. ಪುನರುತ್ಥಾನದ ನಂತರ ಅದೇ ಬಂಧುಗಳಲ್ಲಿ ಒಬ್ಬನಾದ ಯಕೋಬನು ಜೆರುಸಲೇಮಿನ ಸಭೆಯ ಹಿರಿಯನಾದ. ಮನೆಯವರ ಮನಸ್ಸಿಗೆ ಅದರದೇ ಆದ ಕಾಲ ಬೇಕು.

ನಾಲ್ವರು ಹೆಣ್ಣುಮಕ್ಕಳ ಬಾಳು

1. ಪಂಡಿತಾ ರಮಾಬಾಯಿ. ಇವರು ನಮ್ಮ ಕರ್ನಾಟಕದಲ್ಲೇ ಹುಟ್ಟಿದವರು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನನ. ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ವಿದ್ವಾಂಸರು. ಹೆಂಗಸರು ಸಂಸ್ಕೃತ ಕಲಿಯಬಾರದು ಅನ್ನುವ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದಳು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ರಮಾಬಾಯಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದದ್ದು 1883ರಲ್ಲಿ, ಆಂಗ್ಲಿಕನ್ ಸಭೆಯಲ್ಲಿ. ಅಂದರೆ ಹೆತ್ತವರಿಗೆ ಯೇಸುವಿನ ಬಗ್ಗೆ ಹೇಳುವ ಅವಕಾಶವೇ ಅವರಿಗೆ ಸಿಗಲಿಲ್ಲ.

ಹಾಗಾದರೆ ಅವರು ಹೆತ್ತವರನ್ನು ಹೇಗೆ ನೆನೆದರು? 1887ರಲ್ಲಿ ಹಿಂದೂ ಸ್ತ್ರೀಯರ ಸ್ಥಿತಿಯ ಬಗ್ಗೆ ಬರೆದ ತಮ್ಮ ಪ್ರಸಿದ್ಧ ಪುಸ್ತಕವನ್ನು ತಾಯಿಯ ನೆನಪಿಗೆ ಅರ್ಪಿಸಿದರು. 1907ರಲ್ಲಿ ತಮ್ಮ ವಿಶ್ವಾಸದ ಕಥೆ ಬರೆದಾಗ ತಂದೆಯ ಕೊನೆಯ ದಿನಗಳನ್ನು ಅಕ್ಕರೆಯಿಂದ ನೆನೆದರು. ಕಣ್ಣು ಕಾಣದ ಆ ಮುದುಕ ಕಿರಿಮಗಳನ್ನು ತಬ್ಬಿ, ಮರ್ಯಾದೆಯಿಂದ ಬಾಳು, ಜೀವನಪೂರ್ತಿ ದೇವರ ಸೇವೆ ಮಾಡು ಎಂದು ಹೇಳಿ ಅವಳನ್ನು ದೇವರ ಕೈಗೆ ಒಪ್ಪಿಸಿದ್ದರು. ಮಗಳು ತಂದೆಗಾಗಿ ಪ್ರಾರ್ಥಿಸುವ ಮೊದಲೇ ತಂದೆ ಮಗಳಿಗಾಗಿ ಪ್ರಾರ್ಥಿಸಿದ್ದ. ಮುಂದೆ ಮುಕ್ತಿ ಮಿಶನ್ನಿನಲ್ಲಿ ಸಾವಿರಾರು ವಿಧವೆಯರಿಗೆ, ಅನಾಥರಿಗೆ ಆಸರೆಯಾದ, ಇಡೀ ಬೈಬಲನ್ನು ಮರಾಠಿಗೆ ತಂದ ಆ ವಿದ್ಯೆಯ ಬೇರು ತಾಯಿ ಹಚ್ಚಿದ ಪಾಠದಲ್ಲಿತ್ತು.

ನಾವೂ ಹೀಗೆ ನೆನೆಯಬೇಕು. ನಿಮ್ಮಪ್ಪ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿ ಇಷ್ಟಲಿಂಗ ಕೈಯಲ್ಲಿ ಹಿಡಿದು ಕೂಡುತ್ತಿದ್ದುದನ್ನು ನೋಡಿಯೇ ದೇವರ ಮುಂದೆ ಸುಮ್ಮನೆ ಕೂಡುವುದನ್ನು ನೀವು ಕಲಿತಿರಬಹುದು. ನಿಮ್ಮವ್ವ ಸಿದ್ಧಾರೂಢ ಮಠದ ದಾಸೋಹದಲ್ಲಿ ರೊಟ್ಟಿ ಬಡಿದದ್ದನ್ನು ನೋಡಿಯೇ ಸೇವೆ ಅಂದರೇನು ಎಂದು ತಿಳಿದಿರಬಹುದು. ಅದನ್ನು ಮರೆತು ಮಾಡಿದ ಪ್ರಾರ್ಥನೆ ಕೃತಘ್ನತೆಯಾಗುತ್ತದೆ.

2. ಸಂತ ಪೆರ್ಪೆತುವಾ. ಕ್ರಿ.ಶ. 203. ಇಂದಿನ ಟುನೀಶಿಯಾದ ಕಾರ್ತೇಜ್ ನಗರ. ಸುಮಾರು 22 ವರ್ಷದ ಬಾಣಂತಿ, ಕೈಯಲ್ಲಿ ಮೊಲೆ ಕುಡಿಯುವ ಕೂಸು. ಕ್ರೈಸ್ತಳೆಂಬ ಕಾರಣಕ್ಕೆ ಸೆರೆಮನೆ. ಅವಳ ತಂದೆ ಕ್ರೈಸ್ತನಲ್ಲ. ಮೊದಲು ಸಿಟ್ಟಿನಿಂದ ಬಂದ. ಆಮೇಲೆ ಮಗಳ ಕೈ ಮುದ್ದಿಟ್ಟು ಬೇಡಿಕೊಂಡ. ನ್ಯಾಯಾಲಯದಲ್ಲಿ ಮೊಮ್ಮಗನನ್ನು ಎತ್ತಿ ತೋರಿಸಿ, ಈ ಕೂಸಿನ ಮೇಲೆ ಕರುಣೆ ಇರಲಿ ಎಂದು ಅತ್ತ. ಅಧಿಕಾರಿ ಆ ಮುದುಕನನ್ನು ಬಡಿಗೆಯಿಂದ ಹೊಡೆಸಿದಾಗ ಆ ಪೆಟ್ಟು ತನಗೇ ಬಿದ್ದಂತಾಯಿತು ಎಂದು ಪೆರ್ಪೆತುವಾ ಸೆರೆಮನೆಯಲ್ಲಿ ಬರೆದಿಟ್ಟಳು. ತಂದೆ ವಿಶ್ವಾಸಕ್ಕೆ ಬಂದನೆಂದು ಅವಳ ಬರಹದಲ್ಲಿ ಇಲ್ಲ. ಅವಳು ತಂದೆಗಾಗಿ ಯೇಸುವನ್ನು ಬಿಡಲಿಲ್ಲ. ಯೇಸುವಿಗಾಗಿ ತಂದೆಯ ಮೇಲಿನ ಕರುಣೆಯನ್ನೂ ಬಿಡಲಿಲ್ಲ. ಬಲಿಪೂಜೆಯ ಮೊದಲನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ ಇಂದಿಗೂ ಅವಳ ಹೆಸರಿದೆ.

3. ಸಂತ ಮೋನಿಕಾ. ಮಗ ಅಗಸ್ಟೀನನಿಗಾಗಿ ಅತ್ತ ತಾಯಿ ಎಂದು ಎಲ್ಲರಿಗೂ ಗೊತ್ತು. ಆದರೆ ಮನೆಯ ಹಿರಿಯರ ಮುಂದೆ ಅವಳು ಹೇಗಿದ್ದಳು ಎಂಬುದನ್ನು ನಾವು ಕಡಿಮೆ ಹೇಳುತ್ತೇವೆ. ಅವಳ ಅತ್ತೆ ಕೆಲಸದವರ ಚಾಡಿಮಾತು ಕೇಳಿ ಸೊಸೆಯ ಮೇಲೆ ಸಿಟ್ಟಾಗಿದ್ದಳು. ಗಂಡ ಪತ್ರಿಸಿಯುಸ್ ಮುಂಗೋಪಿ. ಮೋನಿಕಾ ಎದುರು ಮಾತಾಡಲಿಲ್ಲ. ಸೇವೆ, ತಾಳ್ಮೆ ಇವೆರಡರಿಂದ ಅತ್ತೆಯ ಮನಸ್ಸು ತಿರುಗಿತು. ಗಂಡ ಸಾಯುವ ಮುಂಚೆ ದೀಕ್ಷಾಸ್ನಾನ ಕೇಳಿ ಪಡೆದ. ಮಗ 387ರ ಪಾಸ್ಕ ಹಬ್ಬದಲ್ಲಿ ಪಡೆದ. ಹೆಂಡತಿಯರು ಮಾತಿಲ್ಲದೆ ನಡತೆಯಿಂದಲೇ ಗಂಡಂದಿರನ್ನು ಗೆಲ್ಲಬಹುದು ಎಂದು ಪೇತ್ರನು ಬರೆದದ್ದು ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಒಂದು ಮಾತು ಮಾತ್ರ ಸೇರಿಸುತ್ತೇನೆ: ತಾಳ್ಮೆ ಎಂದರೆ ಹೊಡೆತ ತಿನ್ನುವುದಲ್ಲ. ಮನೆಯಲ್ಲಿ ನಿಮ್ಮ ಮೇಲೆ ಕೈ ಮಾಡಿದರೆ ಸಂಘಕ್ಕೆ ತಿಳಿಸಿರಿ. ಸಹಾಯ ಕೇಳುವುದು ಅವಿಶ್ವಾಸವಲ್ಲ.

4. ಸಂತ ಎಡಿತ್ ಸ್ಟೈನ್. ನಮ್ಮ ಸಂಘದ ಹೆಂಗಸರಿಗೆ ಇವರ ತಾಯಿಯ ಕಥೆ ಬಹಳ ಹತ್ತಿರದ್ದು. ಜರ್ಮನಿಯ ಬ್ರೆಸ್ಲಾವ್ ನಗರ, ಯೆಹೂದಿ ಕುಟುಂಬ. ಎಡಿತ್ ಹುಟ್ಟಿದ್ದು 1891ರಲ್ಲಿ. ಅವರು ಇನ್ನೂ ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಔಗುಸ್ತೆ ಕಟ್ಟಿಗೆ ಅಡ್ಡೆಯ ವ್ಯಾಪಾರವನ್ನು ತಾನೇ ಹಿಡಿದು, ಸಾಲ ತೀರಿಸಿ, ಏಳು ಮಕ್ಕಳನ್ನು ಬೆಳೆಸಿದಳು. ದೇವಭಕ್ತೆ, ಗಟ್ಟಿ ಹೆಂಗಸು. 1922ರ ಜನವರಿ 1ರಂದು ಎಡಿತ್ ಕಥೋಲಿಕ ದೀಕ್ಷಾಸ್ನಾನ ಪಡೆದರು. ಸುದ್ದಿಯನ್ನು ಪತ್ರದಲ್ಲಿ ತಿಳಿಸದೆ ಊರಿಗೆ ಬಂದು ತಾಯಿಯ ಮುಂದೆ ಮೊಣಕಾಲೂರಿ ಹೇಳಿದರು. ಎಂದೂ ಅಳದ ತಾಯಿ ಅಂದು ಅತ್ತಳು.

ಆಮೇಲೆ ಎಡಿತ್ ಏನು ಮಾಡಿದರು? ತಾಯಿಯ ಜೊತೆ ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಹೋಗಿ ಪಕ್ಕದಲ್ಲಿ ಕೂತರು. 1933ರಲ್ಲಿ ಕಾರ್ಮೆಲ್ ಮಠ ಸೇರಿದ ಮೇಲೆ ವಾರಕ್ಕೊಂದು ಪತ್ರ ಬರೆದರು. ಬಹಳ ದಿನ ತಾಯಿಯಿಂದ ಉತ್ತರವೇ ಇಲ್ಲ. ಆದರೂ ಬರೆದರು. ಕೊನೆಗೊಮ್ಮೆ ಅಕ್ಕನ ಪತ್ರದ ಕೆಳಗೆ ತಾಯಿಯ ನಾಲ್ಕು ಮಾತು ಬರತೊಡಗಿದವು. 1936ರ ಸೆಪ್ಟೆಂಬರ್ 14ರಂದು ಎಡಿತ್ ತಮ್ಮ ವ್ರತಗಳನ್ನು ನವೀಕರಿಸುತ್ತಿದ್ದ ದಿನವೇ ತಾಯಿ ತೀರಿಕೊಂಡಳು. ತಾಯಿ ಸಾಯುವಾಗ ಕ್ರೈಸ್ತಳಾದಳಂತೆ ಎಂದು ಕೆಲವರು ಸುದ್ದಿ ಹಬ್ಬಿಸಿದರು. ಎಡಿತ್ ಅದನ್ನು ಒಪ್ಪಲಿಲ್ಲ. ತಾಯಿ ಕೊನೆಯವರೆಗೂ ತನ್ನ ಧರ್ಮದಲ್ಲೇ ಇದ್ದಳು, ತಾನು ನಂಬಿದ ದೇವರ ಮೇಲೆ ಭರವಸೆ ಇಟ್ಟೇ ಹೋದಳು, ಆ ದೇವರು ಅವಳ ಕೈ ಬಿಡಲಾರರು ಎಂಬ ಅರ್ಥದಲ್ಲಿ ಬರೆದರು. ಅದೇ ವರ್ಷ ಕ್ರಿಸ್ಮಸ್ ಹಿಂದಿನ ದಿನ ಅಕ್ಕ ರೋಸಾ ದೀಕ್ಷಾಸ್ನಾನ ಪಡೆದಳು. ತಾಯಿಯ ಮನಸ್ಸು ನೋಯಬಾರದೆಂದು ಅವಳು ಅಲ್ಲಿಯವರೆಗೆ ಕಾದಿದ್ದಳು. 1942ರ ಆಗಸ್ಟ್ 9ರಂದು ಅಕ್ಕ-ತಂಗಿ ಇಬ್ಬರನ್ನೂ ನಾಜಿಗಳು ಔಶ್ವಿಟ್ಸ್‌ನಲ್ಲಿ ಕೊಂದರು. 1998ರಲ್ಲಿ ಎಡಿತರನ್ನು ಸಂತರೆಂದು ಘೋಷಿಸಲಾಯಿತು.

ಒಬ್ಬ ಸಂತಳ ಪ್ರಾರ್ಥನೆಯಿಂದಲೂ ತಾಯಿ ಧರ್ಮ ಬದಲಿಸಲಿಲ್ಲ. ಆದುದರಿಂದ ನಿಮ್ಮವ್ವ ಬದಲಾಗದಿದ್ದರೆ "ನನ್ನ ಪ್ರಾರ್ಥನಾದಾಗ ಏನೋ ಕೊರತಿ ಐತಿ" ಎಂದು ಕೊರಗಬೇಡಿರಿ.

ಧರ್ಮಸಭೆ ಏನು ಹೇಳುತ್ತದೆ?

ದ್ವಿತೀಯ ವ್ಯಾಟಿಕನ್ ಮಹಾಸಭೆ ಮೂರು ಮಾತು ಸ್ಪಷ್ಟವಾಗಿ ಹೇಳಿತು.

ಒಂದು, ಧರ್ಮದ ವಿಷಯದಲ್ಲಿ ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ಒತ್ತಾಯಿಸಬಾರದು (1965ರ ಧಾರ್ಮಿಕ ಸ್ವಾತಂತ್ರ್ಯ ಘೋಷಣೆ). ಎರಡು, ಬೇರೆ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ (ಅದೇ ವರ್ಷದ ಇನ್ನೊಂದು ಘೋಷಣೆ). ಮೂರು, ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿಯಂತೆ ನಡೆಯುವವರೂ ದೇವರ ಕೃಪೆಯಿಂದ ರಕ್ಷಣೆ ಪಡೆಯಬಲ್ಲರು (1964ರ ಧರ್ಮಸಭೆಯ ಕುರಿತ ಸಂವಿಧಾನ).

ಈ ಮೂರನೆಯ ಮಾತು ಎಷ್ಟೋ ಹೆಣ್ಣುಮಕ್ಕಳ ಎದೆಭಾರ ಇಳಿಸಬೇಕು. "ಅಪ್ಪ ದೀಕ್ಷಾಸ್ನಾನ ಇಲ್ಲದ ಸತ್ತರ ನರಕಕ್ಕ ಹೋಗ್ತಾನೇನ್ರಿ?" ಎಂದು ಹೆದರಿ ನಿದ್ದೆಗೆಡುವವರಿದ್ದೀರಿ. ನಿಮ್ಮಪ್ಪನನ್ನು ನಿಮಗಿಂತ ಹೆಚ್ಚು ಪ್ರೀತಿಸುವವರು ಅವನನ್ನು ಸೃಷ್ಟಿಸಿದ ದೇವರು. ಯೇಸುವನ್ನು ಅಪ್ಪ ತಿಳಿಯಲಿ ಎಂದು ಬೇಡಿಕೊಳ್ಳಿರಿ, ಅದು ದೊಡ್ಡ ವರ. ಆದರೆ ಆ ಬೇಡಿಕೆ ಹೆದರಿಕೆಯಿಂದ ಹುಟ್ಟದಿರಲಿ. ಹೆದರಿಕೆಯಿಂದ ಮಾಡಿದ ಪ್ರಾರ್ಥನೆ ಬಹಳ ಬೇಗ ಕಿರುಕುಳವಾಗುತ್ತದೆ.

ದೇಶದ ಕಾನೂನನ್ನೂ ತಿಳಿದಿರೋಣ. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ತನ್ನ ಧರ್ಮ ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ಬಗ್ಗೆ ಪ್ರತ್ಯೇಕ ಕಾಯ್ದೆ ಬಂತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಮನೆಯ ಹಿರಿಯರು ನಿಜವಾಗಿ ತಾವೇ ಮುಂದೆ ಬಂದರೆ, ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನು ಧರ್ಮಗುರುಗಳಿಂದ, ವಕೀಲರಿಂದ ಕೇಳಿ ತಿಳಿದೇ ಹೆಜ್ಜೆ ಇಡಬೇಕು. ಇನ್ನೊಂದು ವಿಷಯ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನಮಾನ ಉಳಿಯುವುದಿಲ್ಲ. ಇದೂ ಅವರಿಗೆ ಗೊತ್ತಿರಬೇಕು. ಗೊತ್ತಿಲ್ಲದೆ ತೆಗೆದುಕೊಂಡ ನಿರ್ಧಾರ ಸ್ವತಂತ್ರ ನಿರ್ಧಾರವಲ್ಲ.

ಹೇಗೆ ಪ್ರಾರ್ಥಿಸಬೇಕು?

• ಮೊದಲು ಕೃತಜ್ಞತೆ. ಅಪ್ಪ-ಅವ್ವನಿಂದ ಬಂದ ಒಂದೊಂದು ಒಳ್ಳೆಯ ಗುಣವನ್ನು ಹೆಸರಿಟ್ಟು ದೇವರಿಗೆ ವಂದನೆ ಹೇಳಿರಿ. "ಅಪ್ಪ ಯಾರ ರೊಕ್ಕನೂ ಇಟಗೊಳ್ಳಲಿಲ್ಲ." "ಅವ್ವ ಹಸಿದು ಬಂದವರನ್ನ ಹಂಗ ಕಳಸಲಿಲ್ಲ."

• ಅವರ ಮೈಕೈ ನೋವನ್ನೂ ದೇವರ ಮುಂದೆ ಇಡಿರಿ. ಆತ್ಮಕ್ಕಾಗಿ ಪ್ರಾರ್ಥಿಸಿ ಮೊಣಕಾಲು ನೋವು ಮರೆತರೆ ಅದು ಅರ್ಧ ಪ್ರೀತಿ. ಅವ್ವನ ಕಣ್ಣಿನ ಪೊರೆ, ಅಪ್ಪನ ಬಿ.ಪಿ. ಗುಳಿಗೆ, ಸಂಧ್ಯಾ ಸುರಕ್ಷಾ ಪಿಂಚಣಿಯ ಕಾಗದಪತ್ರ ಇವೆಲ್ಲ ನಿಮ್ಮ ಪ್ರಾರ್ಥನೆಯ ಭಾಗ. ಹೆತ್ತವರನ್ನು ನೋಡಿಕೊಳ್ಳುವ ಜವಾಬ್ದಾರಿ ಮಗನಷ್ಟೇ ಮಗಳದ್ದೂ ಎಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ತಂದೆ ಮುದುಕನಾಗಿ ಬುದ್ಧಿ ಮಸುಕಾದರೂ ಅವನನ್ನು ಹೀಯಾಳಿಸಬೇಡ, ತಾಳಿಕೋ ಎಂದು ಸಿರಾಖನು ಕಲಿಸುತ್ತಾನೆ. ಅಪ್ಪ ಯಾವ ಧರ್ಮದವನು ಎಂದು ಅವನು ಕೇಳುವುದಿಲ್ಲ.

• ನಿಮ್ಮ ಬದಲಾವಣೆಯನ್ನು ಬೇಡಿರಿ. "ಪ್ರಭುವೇ, ಅವ್ವನ ಮನಸ್ಸು ತಿರುಗಿಸು" ಎಂದು ಒಮ್ಮೆ ಹೇಳಿದರೆ, "ಅವ್ವನ ಮ್ಯಾಲೆ ಒದರೂದು ಬಿಡಸು" ಎಂದು ಎರಡು ಸಲ ಹೇಳಿರಿ. ಮಗಳು ಚರ್ಚಿಗೆ ಹೋದ ಮೇಲೆ ಸಮಾಧಾನಿಯಾದಳೋ ಸಿಡುಕಿಯಾದಳೋ ಎಂದು ಅವ್ವ ನೋಡುತ್ತಲೇ ಇರುತ್ತಾಳೆ. ಅವಳು ಓದುವ ಶುಭಸಂದೇಶ ನೀವೇ.

• ಬಲಿಪೂಜೆಯಲ್ಲಿ ರೊಟ್ಟಿ-ದ್ರಾಕ್ಷಾರಸ ಅರ್ಪಿಸುವಾಗ ಅವರ ಹೆಸರನ್ನು ಮನಸ್ಸಿನಲ್ಲಿ ಪೀಠದ ಮೇಲೆ ಇಡಿರಿ. ದಿನಕ್ಕೊಂದು ಪರಲೋಕ ಮಂತ್ರ ಅವರಿಗಾಗಿ ಹೇಳಿರಿ. ಅಷ್ಟು ಸಾಕು. ದೊಡ್ಡ ಪ್ರಾರ್ಥನೆಗಿಂತ ತಪ್ಪದ ಪ್ರಾರ್ಥನೆ ಮೇಲು.

• ಗಡುವು ಹಾಕಬೇಡಿರಿ. "ಈ ಕ್ರಿಸ್ಮಸ್ ಒಳಗ ಅಪ್ಪ ಬಂದರ ಇಷ್ಟು ಕೊಡತೀನಿ" ಎಂಬ ಹರಕೆ ಬೇಡ. ಹರಕೆಗಾಗಿ ಸಂಘದ ಸಾಲವಂತೂ ಬೇಡವೇ ಬೇಡ.

• ಕೇಳಿದಾಗ ಹೇಳಿರಿ. "ನಿನಗ ಅಲ್ಲೇನು ಸಿಕ್ಕತು?" ಎಂದು ಅಪ್ಪ ಎಂದಾದರೂ ಕೇಳಿದರೆ ನಾಚಿಕೊಂಡು ಮುಚ್ಚಿಡಬೇಡಿರಿ. ನಾಲ್ಕು ಮಾತಿನಲ್ಲಿ ನಿಮ್ಮ ಅನುಭವ ಹೇಳಿರಿ, ವಿನಯದಿಂದ, ಗೌರವದಿಂದ. ಆಮೇಲೆ ಸುಮ್ಮನಿರಿ. ಬೀಜ ಹಾಕಿದವನು ದಿನಾ ಮಣ್ಣು ಕೆದರಿ ನೋಡುವುದಿಲ್ಲ.

ಏನು ಮಾಡಬಾರದು?

ಹಿರಿಯರ ಇಷ್ಟಲಿಂಗ, ದೇವರ ಪಟ, ಜಗಲಿ ಯಾವುದನ್ನೂ ಮುಟ್ಟಿ ತೆಗೆಯಬಾರದು. ಊಟದಲ್ಲಿ, ಔಷಧದಲ್ಲಿ ಕದ್ದು ತೀರ್ಥ ಬೆರೆಸಬಾರದು. "ಯೇಸುನ ನಂಬಿದ್ರ ರೋಗ ಹೋಗತೈತಿ" ಎಂದು ಭರವಸೆ ಕೊಟ್ಟು ಗುಳಿಗೆ ಬಿಡಿಸಬಾರದು. "ನೀ ನಂಬಲಿಲ್ಲ, ಅದಕ್ಕ ಹಿಂಗಾತು" ಎಂದು ಹಾಸಿಗೆ ಹಿಡಿದವರಿಗೆ ಎಂದೂ ಹೇಳಬಾರದು. ಅಣ್ಣನ ಮನೆಯಲ್ಲಿ ಅವನನ್ನು ಕೇಳದೆ ಪ್ರಾರ್ಥನಾ ಕೂಟ ಕೂಡಿಸಬಾರದು. ಮೊಮ್ಮಕ್ಕಳ ಬಾಯಿಂದ ಅಜ್ಜನಿಗೆ ಒತ್ತಡ ತರಬಾರದು.

ಪಂಚಮಿಗೆ ತವರುಮನೆಯಿಂದ ಕರೆಯಲು ಬಂದರೆ ಹೋಗಬೇಕೋ ಬೇಡವೋ ಎಂದು ಕೆಲವರು ಕೇಳುತ್ತೀರಿ. ಹೋಗಿರಿ. ಉಂಡಿ ತಿನ್ನಿರಿ, ಜೋಕಾಲಿ ಆಡಿರಿ, ಅವ್ವನ ಕಾಲು ಒತ್ತಿರಿ. ಪೂಜೆಯ ಹೊತ್ತಿನಲ್ಲಿ ಗೌರವದಿಂದ ದೂರ ನಿಲ್ಲಬಹುದು. ಯಾವುದು ಪ್ರೀತಿಯ ಪದ್ಧತಿ, ಯಾವುದು ಪೂಜೆ ಎಂದು ಸಂಶಯ ಬಂದರೆ ನಿಮ್ಮ ಧರ್ಮಗುರುಗಳನ್ನು ಮೊದಲೇ ಕೇಳಿಕೊಳ್ಳಿರಿ. ತವರಿನ ಬಾಗಿಲು ನಿಮ್ಮ ಕಡೆಯಿಂದ ಮುಚ್ಚದಿರಲಿ. ಬಾಗಿಲೇ ಮುಚ್ಚಿದ ಮೇಲೆ ಅವ್ವ ನಿಮ್ಮಲ್ಲಿ ಏನನ್ನು ನೋಡಿಯಾಳು?

ಕೊನೆಯ ಹಾಸಿಗೆಯ ಬಳಿ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಇಲ್ಲಿ ಧರ್ಮಸಭೆಯ ನಿಯಮ ತಿಳಿದಿರುವುದು ಬಹಳ ಅವಶ್ಯ.

ದೊಡ್ಡವರಿಗೆ ದೀಕ್ಷಾಸ್ನಾನ ಕೊಡಬೇಕಾದರೆ ಅವರೇ ಬೇಕೆಂದು ತಿಳಿಸಿರಬೇಕು ಎಂದು ಧರ್ಮಸಭೆಯ ಕಾನೂನು (1983ರ ಸಂಹಿತೆ, ನಿಯಮ 865) ಹೇಳುತ್ತದೆ. ಸಾಮಾನ್ಯವಾಗಿ ಬೋಧನೆ, ತಯಾರಿ ಎಲ್ಲ ಆಗಬೇಕು. ಪ್ರಾಣಾಪಾಯ ಇದ್ದಾಗ ನಿಯಮ ಸರಳ: ವಿಶ್ವಾಸದ ಮುಖ್ಯ ಸತ್ಯಗಳು ಸ್ವಲ್ಪವಾದರೂ ಗೊತ್ತಿರಬೇಕು, ಬೇಕೆಂಬ ಇಚ್ಛೆಯನ್ನು ಯಾವ ರೀತಿಯಿಂದಾದರೂ ತೋರಿಸಿರಬೇಕು, ಕ್ರೈಸ್ತಧರ್ಮದ ಆಜ್ಞೆಗಳಂತೆ ನಡೆಯುವೆನೆಂದು ಮಾತು ಕೊಡಬೇಕು. ಮಾತಾಡಲು ಬಾರದಿದ್ದರೆ ಸನ್ನೆಯಿಂದ ತೋರಿಸಿದರೂ ಆದೀತು.

ಆದುದರಿಂದ ಅಪ್ಪ ತಾನಾಗಿಯೇ ಕೇಳಿದರೆ ತಡಮಾಡದೆ ಫಾದರಿಗೆ ತಿಳಿಸಿರಿ, ಅಣ್ಣ-ತಮ್ಮಂದಿರ ಎದುರಿನಲ್ಲೇ ಅಪ್ಪ ಆ ಮಾತು ಹೇಳಲಿ. ಅಪ್ಪ ಎಂದೂ ಕೇಳಿಲ್ಲ, ಈಗ ಎಚ್ಚರವೂ ಇಲ್ಲ ಎಂದಾದರೆ ಕದ್ದು ತಲೆಯ ಮೇಲೆ ನೀರು ಹಾಕಬೇಡಿರಿ. ಅದು ಅವನ ಸ್ವಾತಂತ್ರ್ಯಕ್ಕೆ ಮಾಡಿದ ಅಪಚಾರ, ಸಂಸ್ಕಾರಕ್ಕೂ ಅಗೌರವ. ಮನೆಯವರಿಗೆ ತಿಳಿದರೆ ಸಾವಿನ ಮನೆಯಲ್ಲಿ ಜಗಳ. ಕೈ ಹಿಡಿದು ಕೂಡಿರಿ. ಬಾಯಿ ಒಣಗಿದರೆ ಹನಿ ನೀರು ಕೊಡಿರಿ. ಮನಸ್ಸಿನಲ್ಲಿ ಅವನನ್ನು ಯೇಸುವಿನ ಕೈಗೆ ಒಪ್ಪಿಸಿರಿ. "ಓಂ ನಮಃ ಶಿವಾಯ ಅನ್ನು" ಎಂದು ಅಪ್ಪ ಕೇಳಿದರೆ ಸಿಟ್ಟಾಗದೆ ಅಣ್ಣನನ್ನು ಕರೆದು ಪಕ್ಕದಲ್ಲಿ ಕೂಡಿಸಿರಿ. ಸಾಯುವವನ ಮನಸ್ಸಿನ ಶಾಂತಿಯೂ ದೇವರದೇ ಕೊಡುಗೆ.

ಅಂತ್ಯಕ್ರಿಯೆ ಅವರ ಪದ್ಧತಿಯಂತೆಯೇ ಆಗಲಿ. ನಿಮ್ಮ ಪಾಲಿನ ಖರ್ಚು ಕೊಡಿರಿ, ನಿಮ್ಮ ಪಾಲಿನ ಕೆಲಸ ಮಾಡಿರಿ. ಆಮೇಲೆ "ಕ್ರೈಸ್ತರಲ್ಲದವರಿಗೆ ಪೂಜಿ ಇಡಸಾಕ ಬರತೈತೇನ್ರಿ?" ಎಂಬ ಪ್ರಶ್ನೆ ಬರುತ್ತದೆ. ಬರುತ್ತದೆ. ಬದುಕಿರುವ, ತೀರಿಹೋದ ಯಾರಿಗಾಗಿಯೂ ಗುರುಗಳು ಬಲಿಪೂಜೆ ಅರ್ಪಿಸಬಹುದು ಎಂದು ಅದೇ ಸಂಹಿತೆಯ 901ನೆಯ ನಿಯಮ ಹೇಳುತ್ತದೆ. ಅಪ್ಪ ಹೋದ ದಿನ, ನವೆಂಬರ್ 2ರ ಮೃತರ ಸ್ಮರಣೆಯ ದಿನ ಅವನ ಹೆಸರಿನಲ್ಲಿ ಪೂಜೆ ಕೊಡಿರಿ. ಸಾವು ಬಂತೆಂದು ಮಗಳ ಪ್ರಾರ್ಥನೆ ನಿಲ್ಲಬೇಕಿಲ್ಲ.

ಸಂಘದಲ್ಲಿ ಒಂದು ಶಿಸ್ತು

ನಮ್ಮ ಸ್ವಸಹಾಯ ಸಂಘ ಉಳಿತಾಯಕ್ಕೆ, ಸಾಲಕ್ಕೆ, ಒಬ್ಬರಿಗೊಬ್ಬರು ಆಸರೆಯಾಗುವುದಕ್ಕೆ ಕೂಡಿದ್ದು. ಸಾಲ ಕೊಡುವಾಗ, ತರಬೇತಿಗೆ ಕಳಿಸುವಾಗ, ಪ್ರತಿನಿಧಿ ಆರಿಸುವಾಗ ಯಾರ ಧರ್ಮವನ್ನೂ ಕೇಳುವುದಿಲ್ಲ, ಕೇಳಬಾರದು. ಸಂಘದ ಸಹಾಯವನ್ನು ಆಸೆಯಾಗಿ ತೋರಿಸಿ ಯಾರ ಹೆತ್ತವರನ್ನೂ ಯಾವ ಧರ್ಮಕ್ಕೂ ಕರೆಯಬಾರದು. ಆದರೆ ಒಬ್ಬ ಸದಸ್ಯೆಯ ತಾಯಿ ಕಾಯಿಲೆ ಬಿದ್ದರೆ ಎಲ್ಲರೂ ಹೋಗಿ ನೋಡಿರಿ, ಸರದಿಯಂತೆ ಬುತ್ತಿ ಕಟ್ಟಿರಿ. ಪ್ರತಿಯೊಬ್ಬಳೂ ತನ್ನ ದೇವರಲ್ಲಿ ಬೇಡಿಕೊಳ್ಳಲಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಅಪ್ಪ-ಅವ್ವನಿಂದ ದೇವರ ವಿಷಯದಲ್ಲಿ ನೀವು ಕಲಿತ ಒಂದು ಒಳ್ಳೆಯ ಸಂಗತಿ ಯಾವುದು?
2. ಎಡಿತ್ ಸ್ಟೈನ್ ಉತ್ತರ ಬಾರದಿದ್ದರೂ ತಾಯಿಗೆ ಪತ್ರ ಬರೆಯುತ್ತಿದ್ದರು. ನಿಮ್ಮ ಮನೆಯಲ್ಲಿ ಮಾತು ನಿಂತ ಹಿರಿಯರು ಯಾರಾದರೂ ಇದ್ದಾರೆಯೇ? ಮೊದಲ ಮಾತು ಯಾರು ಆಡಬೇಕು?
3. ಪ್ರೀತಿಯಿಂದ ಹೇಳುವುದಕ್ಕೂ ಒತ್ತಾಯ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ಹೇಳಿರಿ.
4. ಬೇರೆ ಧರ್ಮದ ಸದಸ್ಯೆಯರು: ನಿಮ್ಮ ಮಗಳು ಅಥವಾ ಸೊಸೆ ಬೇರೆ ನಂಬಿಕೆ ಹಿಡಿದರೆ ನಿಮಗೆ ಹೆಚ್ಚು ನೋವಾಗುವುದು ಯಾವುದರಿಂದ? ಗೆಳತಿಯರಿಗೆ ಬಿಚ್ಚಿ ಹೇಳಿರಿ.

ಈ ತಿಂಗಳ ತೀರ್ಮಾನ

ಪ್ರತಿಯೊಬ್ಬ ಸದಸ್ಯೆಯೂ ಹೆತ್ತವರಿಗಾಗಿ ಒಂದು ಕೆಲಸ ಆರಿಸಿಕೊಳ್ಳಲಿ: ಕಣ್ಣಿನ ತಪಾಸಣೆ, ಪಿಂಚಣಿ ಅರ್ಜಿ, ಔಷಧ, ಅಥವಾ ಬರೀ ಒಂದು ದಿನ ಹೋಗಿ ಜೊತೆ ಕೂತು ಬರುವುದು. ಮುಂದಿನ ಸಭೆಯಲ್ಲಿ ಆದದ್ದನ್ನು ಹೇಳಲಿ.

ಪ್ರಾರ್ಥನೆ (ಕ್ರೈಸ್ತ ಸದಸ್ಯೆಯರಿಗೆ)

ತಂದೆಯಾದ ದೇವರೇ, ನನಗೆ ಜೀವ ಕೊಟ್ಟು ತುತ್ತು ಹಾಕಿ ಬೆಳೆಸಿದ ನನ್ನ ಅಪ್ಪ-ಅವ್ವನಿಗಾಗಿ ನಿನಗೆ ವಂದನೆ. ನನ್ನ ಎದೆಗೆ ತಂಪು ತಂದ ನಿನ್ನ ಮಗ ಯೇಸುವನ್ನು ಅವರೂ ತಿಳಿಯುವಂತೆ ಮಾಡು. ಅದು ನಿನ್ನ ಹೊತ್ತಿನಲ್ಲಿ, ನಿನ್ನ ರೀತಿಯಲ್ಲಿ ಆಗಲಿ. ಅಲ್ಲಿಯವರೆಗೆ ನನ್ನ ಮಾತು ಮೆತ್ತಗಿರಲಿ, ನನ್ನ ಕೈ ಅವರ ಸೇವೆಯಲ್ಲಿರಲಿ. ನಾನು ಕಾಣದ ಅವರ ಮನಸ್ಸಿನ ಒಳಗನ್ನು ನೀನು ಕಾಣುತ್ತೀ. ಅವರನ್ನು ನಿನ್ನ ಕೈಯಲ್ಲಿ ಇಡುತ್ತೇನೆ. ಆಮೆನ್.